ಡ್ಯಾಶ್‌ಬೋರ್ಡಿಗೆ ಗೊತ್ತಿಲ್ಲದ ಭತ್ತದ ದುಡ್ಡು

ಬಳ್ಳಾರೀಲಿ ಯಾರ ಹತ್ರಾನಾದ್ರೂ ಹೋಗಿ ನಾನು ವೆಲ್ತ್ ಮ್ಯಾನೇಜ್‌ಮೆಂಟ್ ಕಂಪನೀಲಿ, ಅಂದ್ರೆ ಜನರ ದುಡ್ಡನ್ನ ಮ್ಯೂಚುವಲ್ ಫಂಡಿಗೆ ಹಾಕಿಸೋ ಕಡೆ, ಕೆಲಸ ಮಾಡ್ತೀನಿ ಅಂದ್ರೆ ಬರೋ ಮೊದಲನೇ ಪ್ರಶ್ನೆ "ನೂರಕ್ಕೆ ಎಷ್ಟು ರೂಪಾಯಿ ಬೀಳತೈತ್ರಿ?" ಅಂತ. ನಮ್ ಕಡೆ ಬಡ್ಡಿ ಲೆಕ್ಕಾನೇ ಹಂಗೆ, ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ ಅಂತ ಮಾತಾಡ್ತಾರೆ. ಎರಡು ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ 24 ಪರ್ಸೆಂಟ್ ಆಯ್ತು, ಅದೂ ಪರಿಚಯದವರಿಗೆ ಕೊಡೋ ರೇಟು. ಅಂಥವರ ಮುಂದೆ ಕೂತು ನಾನು "ಈಕ್ವಿಟಿ ಫಂಡ್ರಿ, ದುಡ್ಡು ಷೇರಿಗೆ ಹೋಗೋದು, ಹತ್ತು ವರ್ಷ ಬಿಟ್ರೆ ವರ್ಷಕ್ಕೆ 12 ಪರ್ಸೆಂಟ್ ಬರಬಹುದು, ಗ್ಯಾರಂಟಿ ಇಲ್ಲ" ಅಂದ್ರೆ ಅವರ ತಲೇಲಿ ಲೆಕ್ಕ ಆಗಿ ಮುಗಿದಿರುತ್ತೆ, ಅಂದ್ರೆ ತಿಂಗಳಿಗೆ ಒಂದು ರೂಪಾಯಿ, ಅದೂ ಬಂದ್ರೆ ಬಂತು ಇಲ್ದಿದ್ರೆ ಇಲ್ಲ. ಟೀ ಕುಡಿಸಿ ಕಳಿಸ್ತಾರೆ. ಮರ್ಯಾದಸ್ಥ ಜನ.

ಅವರದ್ದೂ ತಪ್ಪಿಲ್ಲ ಬಿಡ್ರಿ. ಈ ಊರು ದುಡ್ಡು ಬಂದಿದ್ದನ್ನೂ ನೋಡಿದೆ, ರಾತ್ರೋರಾತ್ರಿ ನಿಂತಿದ್ದನ್ನೂ ನೋಡಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿ ಅಂದಾಗ ಫೈನಾನ್ಸ್ ಮೇಲೆ ಟಿಪ್ಪರ್ ತಗೊಂಡಿದ್ದವರು ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡು ಕಂತು ಕಟ್ಟಿದ್ರು. ಅಂಥವರು ಪ್ಲಾಟು, ಬಂಗಾರ, ಚೀಟಿ, ಕೈಬಡ್ಡಿ ಬಿಟ್ಟು ನಮ್ಮ ಆಫೀಸಿನ ಮೆಟ್ಟಿಲು ಹತ್ತೋದು ಯಾವುದೋ ಸ್ಕೀಮ್ ನೋಡ್ಕೊಂಡು ಅಂತ ಹೆಡ್ ಆಫೀಸಿನವರು ಅಂದ್ಕೊಂಡಿದಾರೆ. ಅವರು ಬರೋದು ಇಂಥವರು ಹೇಳಿದ್ರು, ಇವರು ಮೋಸ ಮಾಡಲ್ಲಂತೆ ಅಂತ. ಮನುಷ್ಯನ ಮೇಲೆ ನಂಬಿಕೆ ಇಟ್ಟು ನಡೆಯೋ ವ್ಯವಹಾರ ಇದು.

ಈಗ ಇಂಥಾ ವ್ಯವಹಾರದೊಳಗೆ ಆ್ಯಪು, ಒಟಿಪಿ, ಡ್ಯಾಶ್‌ಬೋರ್ಡು ಬಂದು ಕೂತಿವೆ. ಟೆಕ್ನಾಲಜಿ ಬಂದು ಸಂಬಂಧ ಎಲ್ಲಾ ಹಾಳಾಯ್ತು ಅಂತ ಬರೆದ್ರೆ ಒಂದಷ್ಟು ಲೈಕ್ ಬೀಳುತ್ತೆ, ಆದ್ರೆ ನಾನು ಒಳಗಿದ್ದು ನೋಡಿದ್ದು ಹಂಗಿಲ್ಲ. ಕಸ್ಟಮರ್‌ಗೆ ನಾವು ಹೇಳೋ ಸುಳ್ಳು ಕಡಿಮೆ ಆಯ್ತು, ಹೆಡ್ ಆಫೀಸಿಗೆ ಹೇಳೋ ಸುಳ್ಳು ಜಾಸ್ತಿ ಆಯ್ತು. ನನ್ನ ತಕರಾರು ಇಷ್ಟೇ.

ಮೊದಲು ಕಾಗದದ ಕಾಲ ಹೇಳ್ತೀನಿ, ಯಾಕಂದ್ರೆ ಅದನ್ನ ನೆನೆಸಿಕೊಂಡು "ಆಗೆಲ್ಲಾ ಎಷ್ಟು ಚೆನ್ನಾಗಿತ್ತು" ಅನ್ನೋ ಸೀನಿಯರ್‌ಗಳು ಜಾಸ್ತಿ. ಮಧ್ಯಾಹ್ನ ಮೂರು ಗಂಟೆ ಅಂದ್ರೆ ಆಫೀಸಲ್ಲಿ ಯುದ್ಧ. ಎರಡು ಲಕ್ಷದೊಳಗಿನ ಫಾರ್ಮು ಮೂರರೊಳಗೆ ಟೈಮ್ ಸ್ಟ್ಯಾಂಪ್ ಆದ್ರೆ ಅವತ್ತಿನ ಎನ್‌ಎವಿ, ಅಂದ್ರೆ ಫಂಡಿನ ಒಂದು ಯೂನಿಟ್ಟಿನ ಅವತ್ತಿನ ರೇಟು, ಒಂದು ನಿಮಿಷ ಆಚೆ ಹೋದ್ರೆ ನಾಳೆದು. ಆಫೀಸ್ ಹುಡುಗ ಎರಡೂ ಮುಕ್ಕಾಲಿಗೆ ಫಾರ್ಮಿನ ಕಟ್ಟು ಶರ್ಟಿನೊಳಗೆ ತುರುಕಿಕೊಂಡು ಬೈಕ್ ಹತ್ತಿದ್ರೆ ರಾಯಲ್ ಸರ್ಕಲ್ ಸಿಗ್ನಲ್ಲು ಅವನಿಗೆ ಲೆಕ್ಕಕ್ಕೇ ಇರ್ತಿರಲಿಲ್ಲ. 2021ರ ಫೆಬ್ರವರಿಯಿಂದ ದುಡ್ಡು ಫಂಡಿನ ಅಕೌಂಟಿಗೆ ಬಂದು ಬಿದ್ದ ದಿನದ ಎನ್‌ಎವಿನೇ ಅಂತ ಆಯ್ತು, ಹುಡುಗ ಉಳ್ಕೊಂಡ.

ಆ ಓಡಾಟ ಮಜಾ ಇತ್ತು, ಒಪ್ಕೋತೀನಿ. ಆದ್ರೆ ಅದೇ ಆಫೀಸಿನ ಟೇಬಲ್ಲಿನ ಡ್ರಾಯರಲ್ಲಿ ಇನ್ನೊಂದು ಕಟ್ಟು ಇರ್ತಿತ್ತು. ಖಾಲಿ ಫಾರ್ಮು, ಕೆಳಗೆ ಕಸ್ಟಮರ್ ಸೈನು. ಬಲವಂತ ಮಾಡಿ ಹಾಕಿಸಿಕೊಂಡಿದ್ದಲ್ಲ, ಅವರೇ "ನಾಕೈದು ಸೈನ್ ಹಾಕಿಟ್ಟಿರ್ತೀನಿ, ಯಾವಾಗ ಬೇಕಾದ್ರೂ ತುಂಬ್ಕೊಳ್ರಿ, ನಮಗೇನ್ ತಿಳಿತೈತ್ರಿ" ಅಂತ ಕೊಟ್ಟು ಹೋಗ್ತಿದ್ರು. ನಂಬಿಕೆ ಅಂದ್ನಲ್ಲ, ಆ ನಂಬಿಕೆಯ ಒಳಮುಖ ಇದು. ಆಗ ಹೊಸ ಸ್ಕೀಮ್ ಮಾರಿದ್ರೆ ಮಾರಿದವರಿಗೆ ಮುಂಗಡವಾಗೇ ಕಮಿಷನ್ ಬೀಳ್ತಿತ್ತು. ಹಂಗಾಗಿ ಹೊಸ ಫಂಡು ಬಂದಾಗೆಲ್ಲ ಮಾರ್ಕೆಟ್ಟಿನಲ್ಲಿ ಎಷ್ಟು ಜನರ ಹಳೇ ಫಂಡು ಕಾರಣ ಇಲ್ದೆ ಹೊಸದಕ್ಕೆ ಹೊರಳಿತೋ ದೇವರಿಗೇ ಗೊತ್ತು. ಕಸ್ಟಮರ್‌ಗೆ ಹೇಳೋದು "ನಿಮ್ಮ ಪೋರ್ಟ್‌ಫೋಲಿಯೋ ರಿವ್ಯೂ ಮಾಡಿದ್ವಿ ಸಾರ್" ಅಂತ.

ಇದನ್ನ ನಿಲ್ಲಿಸಿದ್ದು ಯಾರದ್ದೋ ಮನಃಪರಿವರ್ತನೆ ಅಲ್ಲವೇ ಅಲ್ಲ. 2009ರ ಆಗಸ್ಟಲ್ಲಿ ಷೇರು ಮಾರ್ಕೆಟ್ ನಿಯಂತ್ರಕ ಸೆಬಿ ಎಂಟ್ರಿ ಲೋಡ್, ಅಂದ್ರೆ ಫಂಡಿಗೆ ದುಡ್ಡು ಹಾಕೋವಾಗಲೇ ಹಿಡ್ಕೊಳ್ತಿದ್ದ ಶುಲ್ಕ, ತೆಗೀತು. 2013ರ ಜನವರಿಯಿಂದ ಮಧ್ಯವರ್ತಿ ಇಲ್ದೆ ಹಾಕೋಕೆ ಡೈರೆಕ್ಟ್ ಪ್ಲಾನ್ ಬಂತು. 2018ರ ಅಕ್ಟೋಬರಲ್ಲಿ ಮುಂಗಡ ಕಮಿಷನ್ನೇ ಬೇಡ, ಕಸ್ಟಮರ್ ದುಡ್ಡು ಇರೋವರೆಗೆ ವರ್ಷವರ್ಷ ಸ್ವಲ್ಪ ಸ್ವಲ್ಪ ಟ್ರೇಲ್ ತಗೊಳ್ರಿ ಅಂತು. ಆದ್ರೆ ರೂಲ್ಸು ಮುಂಬೈನಲ್ಲಿ ಆಗುತ್ತೆ, ಡ್ರಾಯರ್ ಬಳ್ಳಾರೀಲಿರುತ್ತೆ. ಡ್ರಾಯರ್ ಖಾಲಿ ಮಾಡಿಸಿದ್ದು ಒಟಿಪಿ. 2023ರ ಏಪ್ರಿಲ್‌ನಿಂದ ಆನ್‌ಲೈನಲ್ಲಿ ಹಾಕೋಕೂ ತೆಗೆಯೋಕೂ ಎರಡು ಹಂತದ ದೃಢೀಕರಣ ಆದ ಮೇಲೆ ಕಸ್ಟಮರ್ ಮೊಬೈಲು ಕುಯ್ ಅನ್ನದೇ ಒಂದು ರೂಪಾಯಿನೂ ಅಲ್ಲಾಡಲ್ಲ.

ಅದಕ್ಕಿಂತ ನನಗೆ ಇಷ್ಟ ಆಗಿದ್ದು ಆರು ತಿಂಗಳಿಗೊಮ್ಮೆ ಕಸ್ಟಮರ್ ಇಮೇಲಿಗೆ ಬರೋ ಸ್ಟೇಟ್‌ಮೆಂಟು. ನಿಮ್ಮ ದುಡ್ಡಿನಿಂದ ನಿಮ್ಮ ಡಿಸ್ಟ್ರಿಬ್ಯೂಟರ್‌ಗೆ, ಅಂದ್ರೆ ನಮ್ಮಂಥ ಫಂಡ್ ಮಾರೋರಿಗೆ, ಇಷ್ಟು ರೂಪಾಯಿ ಹೋಗಿದೆ ಅಂತ ಅದರಲ್ಲಿ ಬರೆದಿರುತ್ತೆ, ಪರ್ಸೆಂಟ್‌ನಲ್ಲಿ ಮುಚ್ಚಿಟ್ಟಿಲ್ಲ, ರೂಪಾಯಿ ಲೆಕ್ಕದಲ್ಲೇ. ಬಹಳ ಜನ ಅದನ್ನ ತೆರೆದೂ ನೋಡಲ್ಲ. ಆದ್ರೆ ಅವರ ಮಕ್ಕಳು ನೋಡ್ತಾರೆ. ಗಾಂಧಿನಗರದ ಒಬ್ಬ ರಿಟೈರ್ಡ್ ಲೆಕ್ಚರರ್ ಮಗ, ಬೆಂಗಳೂರಲ್ಲಿ ಸಾಫ್ಟ್‌ವೇರು, ಒಂದಿನ ಫೋನ್ ಹಚ್ಚಿ ಕೇಳಿದ, "ಅಂಕಲ್, ಈ ಆರು ತಿಂಗಳಲ್ಲಿ ಅಪ್ಪನ ಫೋಲಿಯೋದಿಂದ ನಿಮ್ಮ ಕಂಪನಿಗೆ ಇಷ್ಟು ಹೋಗಿದೆ, ಅದಕ್ಕೆ ನೀವು ಅವರಿಗೇನು ಮಾಡಿಕೊಟ್ರಿ?" ಸರಿಯಾದ ಪ್ರಶ್ನೆ. ನಾನು ಹೇಳಿದೆ, 2020ರ ಮಾರ್ಚ್ 23ಕ್ಕೆ ಸೆನ್ಸೆಕ್ಸ್ ಒಂದೇ ದಿನ 3,934 ಪಾಯಿಂಟ್ ಬಿತ್ತಲ್ಲಪ್ಪ, ಅವತ್ತು ನಿಮ್ಮಪ್ಪ ಎಲ್ಲಾ ತೆಗೆದುಬಿಡು ಅಂತ ಕೂತಿದ್ರು, ಫೋನಲ್ಲೇ ಒಂದು ತಾಸು ಮಾತಾಡಿ ತಡೆದಿದೀನಿ, ಆ ವರ್ಷ ನವೆಂಬರ್ ಹೊತ್ತಿಗೆ ಮಾರ್ಕೆಟ್ಟು ಹಳೇ ಎತ್ತರಾನೂ ದಾಟಿತ್ತು. "ಅದು 2020 ಅಂಕಲ್, ಈ ಆರು ತಿಂಗಳು?" ಅಂದ. ಅದೂ ಸರಿನೇ. ಹೊಸ ಹೂಡಿಕೆಯೆಲ್ಲ ಡೈರೆಕ್ಟ್ ಪ್ಲಾನಿಗೆ ತಿರುಗಿಸಿಕೊಂಡ. ಅಪ್ಪ ಈಗಲೂ ಮಾರ್ಕೆಟ್ ಬಿದ್ದಾಗ ಫೋನ್ ಮಾಡೋದು ನನಗೇ, ಅದರ ಕಮಿಷನ್ನು ಯಾವ ಸ್ಟೇಟ್‌ಮೆಂಟಲ್ಲೂ ಬರಲ್ಲ.

ಒಟಿಪಿ ವಿಷಯದಲ್ಲಿ ಒಂದು ಮಾತು ಬಿಟ್ಟೆ. ನಮ್ಮಲ್ಲಿ ಎಷ್ಟೋ ಫೋಲಿಯೋ ಹೆಂಡತಿ ಹೆಸರಲ್ಲಿರ್ತವೆ, ಮೊಬೈಲ್ ನಂಬರ್ ಮಾತ್ರ ಗಂಡಂದು. ರೂಲ್ಸಲ್ಲೇ ಅವಕಾಶ ಇದೆ, ಕುಟುಂಬದವರ ನಂಬರ್ ಅಂತ ಘೋಷಣೆ ಮಾಡಿದ್ರೆ ಮುಗೀತು. ಹಂಗಾಗಿ ಅಮ್ಮಾರ ದುಡ್ಡು ಅಮ್ಮಾರಿಗೆ ಗೊತ್ತಿಲ್ಲದೆ ಹೋಗುತ್ತೆ, ಬರುತ್ತೆ. ಕೌಲ್ ಬಜಾರಿನ ಒಬ್ಬ ಜೀನ್ಸ್ ಯೂನಿಟ್ ಓನರ್ ಮನೇಲಿ ಅವರ ಹೆಂಡತಿಗೆ "ಮೇಡಂ, ನಿಮ್ಮ ಹೆಸರಲ್ಲಿ ಇಷ್ಟೈತಿ" ಅಂದಾಗ ಆಯಮ್ಮ ನನ್ನ ನೋಡಲೇ ಇಲ್ಲ, ಗಂಡನ್ನ ನೋಡಿದ್ರು. ಗಂಡ ಚಾವಣಿ ಫ್ಯಾನ್ ನೋಡಿದ. ಈ ಸುಳ್ಳು ಇನ್ನೂ ಇದೆ, ಆದ್ರೆ ಇದು ನಮ್ಮದಲ್ಲ, ಅವರ ಮನೇದು.

ಸರಿ, ಈಗ ನಮ್ಮ ಹೊಸ ಸುಳ್ಳಿಗೆ ಬರೋಣ.

ದಿನಾ ಬೆಳಿಗ್ಗೆ ವಿಡಿಯೋ ಕಾಲಲ್ಲಿ ಹಡಲ್ ಅಂತ ಮೀಟಿಂಗ್ ನಡೆಯುತ್ತೆ. ಆ ಕಡೆಯಿಂದ ಒಬ್ಬರು "ಬಳ್ಳಾರಿ, ಆಜ್ ಕಾ ನಂಬರ್ ಬೋಲೋ" ಅಂತಾರೆ. ಸ್ಕ್ರೀನ್ ಮೇಲೆ ಡ್ಯಾಶ್‌ಬೋರ್ಡು, ಎಲ್ಲಾ ಬ್ರಾಂಚಿನ ಹೆಸರು, ಹಸಿರು, ಹಳದಿ, ಕೆಂಪು. ಎಷ್ಟು ವಿಸಿಟ್, ಎಷ್ಟು ಕಾಲ್, ಎಷ್ಟು ಹೊಸ ಎಸ್‌ಐಪಿ, ಅಂದ್ರೆ ತಿಂಗಳಿಗಿಷ್ಟು ಅಂತ ಫಂಡಿಗೆ ಹೋಗೋ ಕಂತು. ಮೊದಲೂ ಟಾರ್ಗೆಟ್ ಇತ್ತು, ಇಲ್ಲ ಅಂತಲ್ಲ, ಆದ್ರೆ ಆಗ ತಿಂಗಳ ಕೊನೆಗೆ ಬೈಸಿಕೊಂಡ್ರೆ ಆಯ್ತು, ಈಗ ಎಲ್ಲಾ ಬ್ರಾಂಚಿನವರ ಎದುರಿಗೆ ದಿನಾ ಬೈಸಿಕೋಬೇಕು. ಹೊರಗೆ ಹೋದ್ರೆ ಆ್ಯಪಲ್ಲಿ ಚೆಕ್ ಇನ್ ಮಾಡಬೇಕು, ಲೊಕೇಶನ್ ಕಸ್ಟಮರ್ ಅಡ್ರೆಸ್ಸಿಗೆ ಹತ್ತಿರ ಇದ್ರೆ ಟಿಕ್ ಬೀಳುತ್ತೆ. ನಮ್ಮ ಹುಡುಗರು ಬಲು ಚಾಲಾಕು, ಆ ಹತ್ತಿರ ಅನ್ನೋದು ಎಷ್ಟು ಮೀಟರ್ ಅಂತ ವಾರದೊಳಗೆ ಕಂಡುಹಿಡಿದ್ರು. ಬೆಂಗಳೂರು ರೋಡಲ್ಲಿ ಒಂದು ಟೀ ಅಂಗಡಿ ಇದೆ, ಸುತ್ತಮುತ್ತ ಅಂಗಡಿಯವರು ಬಹಳ ಜನ ನಮ್ಮ ಕಸ್ಟಮರ್ರೇ, ಅಲ್ಲಿ ಬೆಂಚ್ ಮೇಲೆ ಕೂತು ಒಗ್ಗರಣಿ ಮಿರ್ಚಿ ತಿಂದು ಕೈ ಒರೆಸಿಕೊಳ್ಳೋದ್ರೊಳಗೆ ನಾಲ್ಕು ವಿಸಿಟ್ ಮುಗೀತದೆ. ಡ್ಯಾಶ್‌ಬೋರ್ಡ್ ಹಸಿರು.

ತಿಂಗಳ ಕೊನೆ ವಾರ ಎಸ್‌ಐಪಿ ಸುಗ್ಗಿ. ಭಾವಮೈದುನನ ಹೆಸರಲ್ಲಿ ಐನೂರು, ಕೆಳಗಿನ ಜೆರಾಕ್ಸ್ ಅಂಗಡಿ ಹುಡುಗನ ಹೆಸರಲ್ಲಿ ಐನೂರು, ಮೊದಲ ಕಂತು ಇವರೇ ಕೈಯಿಂದ ಹಾಕ್ತಾರೆ. ಆಮೇಲೆ ಬ್ಯಾಂಕಲ್ಲಿ ದುಡ್ಡಿರಲ್ಲ, ಬೌನ್ಸ್ ಆಗುತ್ತೆ, ಮೂರು ತಿಂಗಳು ಸಾಲಾಗಿ ಬೌನ್ಸ್ ಆದ್ರೆ ಎಸ್‌ಐಪಿ ತಾನೇ ರದ್ದಾಗುತ್ತೆ. ಅಷ್ಟರಲ್ಲಿ ಇನ್ಸೆಂಟಿವ್ ಬಂದಾಗಿರುತ್ತೆ. ದೇಶದ ಮಟ್ಟದಲ್ಲಿ 2025ರ ಜನವರೀಲಿ ಹೊಸದಾಗಿ ಶುರುವಾದ ಎಸ್‌ಐಪಿ ಸುಮಾರು 56 ಲಕ್ಷ, ನಿಂತಿದ್ದು ಸುಮಾರು 61 ಲಕ್ಷ ಅಂತ ಸುದ್ದಿ ಬಂದಾಗ ಟೀವಿಯವರು ಜನ ಹೆದರಿದಾರೆ ಅಂದ್ರು. ಸತ್ತ ಖಾತೆಗಳನ್ನ ಪಟ್ಟಿಯಿಂದ ತೆಗೆದಿದ್ದೂ ಅದರಲ್ಲಿ ಸೇರಿತ್ತು ಅಂತ ಆಮೇಲೆ ಗೊತ್ತಾಯ್ತು. ಸತ್ತ ಖಾತೆ ಅಂದ ತಕ್ಷಣ ನಮ್ಮ ಆಫೀಸಲ್ಲಿ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಕ್ಕಿದ್ದು ನನಗೆ ನೆನಪಿದೆ.

ಇದು ಬರೀ ಹುಡುಗರ ಸೋಮಾರಿತನ ಅಂತ ಮುಗಿಸಿದ್ರೆ ಅನ್ಯಾಯ ಆಗುತ್ತೆ. ಎಸ್‌ಐಪಿ ಅನ್ನೋದು ಒಂದನೇ ತಾರೀಕು ಸಂಬಳ ಬರೋ ಮನುಷ್ಯನಿಗೆ ಮಾಡಿದ ಅಂಗಿ. ತೋರಣಗಲ್ಲಿನ ಸ್ಟೀಲ್ ಪ್ಲಾಂಟಿನವರಿಗೆ, ಮೇಷ್ಟ್ರುಗಳಿಗೆ, ಕರೆಂಟ್ ಉತ್ಪಾದಿಸೋ ಕೆಪಿಸಿ ನೌಕರರಿಗೆ ಸರಿಯಾಗಿ ಕೂರುತ್ತೆ. ಆದ್ರೆ ನಮ್ಮ ದೊಡ್ಡ ಕಸ್ಟಮರ್ ಇರೋದು ಸಿರುಗುಪ್ಪ, ಕಂಪ್ಲಿ, ಗಂಗಾವತಿ, ಸಿಂಧನೂರು ಕಡೆ, ತುಂಗಭದ್ರಾ ಕಾಲುವೆ ಕೆಳಗಿನ ಭತ್ತದವರು. ಅವರ ಕೈಗೆ ದುಡ್ಡು ಬರೋದು ವರ್ಷಕ್ಕೆ ಎರಡು ಸಲ, ಎರಡನೇ ಬೆಳೆಗೆ ನೀರು ಬಿಟ್ರೆ. ಬಂದಾಗ ಗಂಟಾಗಿ ಬರುತ್ತೆ, ಗೊಬ್ಬರದ ಅಂಗಡಿ ಸಾಲ, ದಲಾಲಿ ಅಂಗಡಿ ಸಾಲ ಕಳೆದು ಉಳಿದಿದ್ದು. ಅವರಿಗೆ ತಿಂಗಳ ಎಸ್‌ಐಪಿ ಹಾಕಿಸಿದ್ರೆ ಜುಲೈ, ಆಗಸ್ಟಲ್ಲಿ ನಾಟಿ ಖರ್ಚಿನ ಹೊತ್ತಿಗೆ ಸರಿಯಾಗಿ ಬೌನ್ಸು. ಗಂಟನ್ನ ಲಿಕ್ವಿಡ್ ಫಂಡಲ್ಲಿ, ಅಂದ್ರೆ ಏರಿಳಿತ ಕಡಿಮೆ ಇರೋ, ಬೇಕಾದಾಗ ಬೇಗ ತೆಗೆಯೋಕಾಗೋ ಫಂಡಲ್ಲಿ ಇಟ್ಟು ಅಲ್ಲಿಂದ ತಿಂಗಳಿಗಿಷ್ಟು ಈಕ್ವಿಟಿಗೆ ಹೋಗೋ ಹಂಗೆ ಎಸ್‌ಟಿಪಿ ಮಾಡಿದ್ರೆ ಅವರಿಗೆ ಹೊಂದುತ್ತೆ. ನಮ್ಮ ಡ್ಯಾಶ್‌ಬೋರ್ಡಲ್ಲಿ ಎಸ್‌ಐಪಿಗೆ ಇರೋ ಮಾರ್ಕ್ಸು ಎಸ್‌ಟಿಪಿಗಿಲ್ಲ. ಹಂಗಾಗಿ ಒಳ್ಳೆ ಸಲಹೆ ಕೊಟ್ಟ ಹುಡುಗ ಕೆಂಪಲ್ಲಿರ್ತಾನೆ, ಟೀ ಅಂಗಡಿ ಹುಡುಗ ಹಸಿರಲ್ಲಿ.

2024ರ ಆಗಸ್ಟಿನ ಎರಡು ವಾರ ಹೇಳ್ತೀನಿ, ಅರ್ಥ ಆಗುತ್ತೆ.

ಆಗಸ್ಟ್ 5, ಸೋಮವಾರ. ಜಪಾನಿನ ಕಡೆಯಿಂದ ಏನೋ ಗಾಳಿ ಬೀಸಿ ಸೆನ್ಸೆಕ್ಸ್ 2,222 ಪಾಯಿಂಟ್ ಬಿತ್ತು. ಮಧ್ಯಾಹ್ನದೊಳಗೆ ಆ್ಯಪು ಕೆಂಪು ಪಟ್ಟಿ ಕೊಡ್ತು, ಈ ಕಸ್ಟಮರ್‌ಗಳು ಗಾಬರಿಯಾಗಬಹುದು, 24 ಗಂಟೆಯೊಳಗೆ ಕಾಲ್ ಮಾಡಿ ಅಂತ. ಮಾಡಿದ್ವಿ. ಅರ್ಧ ಜನಕ್ಕೆ ಮಾರ್ಕೆಟ್ ಬಿದ್ದಿದ್ದೇ ಗೊತ್ತಿರಲಿಲ್ಲ, ನಾವೇ ಹೇಳಿ ಗಾಬರಿ ಮಾಡಿದಂಗಾಯ್ತು. ಇನ್ನರ್ಧ ಜನ "ಹೌದೇನ್ರಿ, ಇರ್ಲಿ ಬಿಡ್ರಿ, ಡ್ಯಾಮ್ ತುಂಬೈತಿ" ಅಂದ್ರು. ಡ್ಯಾಮ್ ತುಂಬಿದ್ರೆ ನಮ್ ಜನಕ್ಕೆ ಸೆನ್ಸೆಕ್ಸ್ ಒಂದು ಸಣ್ಣ ವಿಷಯ.

ಆ ಶನಿವಾರ, 10ನೇ ತಾರೀಕು ರಾತ್ರಿ, ತುಂಗಭದ್ರಾ ಡ್ಯಾಮಿನ 33 ಗೇಟಲ್ಲಿ 19ನೇದು ಚೈನ್ ತುಂಡಾಗಿ ಕೊಚ್ಚಿಕೊಂಡು ಹೋಯ್ತು. ಭಾನುವಾರ ಬೆಳಕು ಹರಿಯೋದ್ರೊಳಗೆ ನನ್ನ ಫೋನ್ ಶುರು. ನಾಟಿ ಆಗಿದೆ, ರಿಪೇರಿ ಮಾಡಬೇಕು ಅಂದ್ರೆ ನೀರು ಖಾಲಿ ಮಾಡಬೇಕಂತೆ, ಖಾಲಿ ಆದ್ರೆ ನಿಂತ ಬೆಳೆಗೆ ನೀರೆಲ್ಲಿಂದ? ಸಿರುಗುಪ್ಪದ ಒಬ್ಬರು, ಎಂದೂ ಏರಿದ ದನೀಲಿ ಮಾತಾಡಿದವರಲ್ಲ, "ಸಾರ್, ನಿಮ್ಮತ್ರ ಇಟ್ಟಿದ್ದು ನಾಳೆ ಬೇಕಂದ್ರ ನಾಳೆ ಸಿಗತೈತೋ ಇಲ್ಲೋ, ಅಷ್ಟು ಹೇಳ್ರಿ" ಅಂದ್ರು. ಇಂಥ ಫೋನು ದಿನವಿಡೀ.

ಅದೇ ಶನಿವಾರ ಆಗಿನ ಸೆಬಿ ಅಧ್ಯಕ್ಷರ ಮೇಲೆ ಆರೋಪ ಹೊರಿಸಿ ಅಮೆರಿಕದ ಹಿಂಡನ್‌ಬರ್ಗ್ ಕಂಪನಿಯ ರಿಪೋರ್ಟು ಬಂದಿತ್ತು. ಸೋಮವಾರದ ಹಡಲ್‌ನಲ್ಲಿ ಪೂರ್ತಿ ಅದೇ, ಕಸ್ಟಮರ್ ಕೇಳಿದ್ರೆ ಏನು ಹೇಳಬೇಕು ಅಂತ ಇಂಗ್ಲಿಷಲ್ಲಿ ಒಂದು ಪಿಡಿಎಫ್ಫು. ನಮಗೆ ಒಬ್ಬರೂ ಅದನ್ನ ಕೇಳಲಿಲ್ಲ. ನಾನು ಗೇಟಿನ ವಿಷಯ ಎತ್ತಿದೆ, ಇಲ್ಲಿ ಎಸ್‌ಟಿಪಿ ನಿಲ್ಲಿಸ್ತಿದಾರೆ, ಕಾರಣ ಇಂಥದು ಅಂತ. ಆ ಕಡೆಯವರು "ಕೌನ್ಸಾ ಗೇಟ್?" ಅಂದ್ರು. ಸ್ಕ್ರೀನ್ ಮೇಲೆ ನೋಡಿದ್ರೆ ನಮ್ಮ ಭತ್ತದ ಕಸ್ಟಮರ್‌ಗಳ ಹೆಸರೆಲ್ಲಾ ಹಸಿರಾಗಿ ಕೂತಿದ್ವು, ಯಾಕಂದ್ರೆ ಅವರ ದುಡ್ಡು ಲಿಕ್ವಿಡ್ ಫಂಡಲ್ಲಿತ್ತು, ಬಿದ್ದಿರಲಿಲ್ಲ. ಆ ವಾರ ಬಳ್ಳಾರಿ ಜಿಲ್ಲೇಲಿ ನಿಜವಾಗಿ ನಿದ್ದೆಗೆಟ್ಟವರು ಅವರೇ.

ನಾವು ಮಾಡಿದ್ದು ದೊಡ್ಡದೇನಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ, ಈಕ್ವಿಟಿಗೆ ಹೋಗೋದನ್ನ ಸದ್ಯ ನಿಲ್ಲಿಸೋಣ, ಲಿಕ್ವಿಡಲ್ಲಿರೋದು ಇವತ್ತು ಕೇಳಿದ್ರೆ ನಾಳೆ ಅಕೌಂಟಿಗೆ ಬರುತ್ತೆ, 50,000ದವರೆಗೆ ಕೆಲವು ಫಂಡಲ್ಲಿ ಆಗಿಂದಾಗ್ಲೇ ಸಿಗುತ್ತೆ, ಈಗಲೇ ಎಲ್ಲಾ ತೆಗೆದಿಟ್ಕೊಳ್ಳೋದು ಬೇಡ, ಬೇಕಾದಾಗ ತೆಗೆಯೋಣ ಅಂತ. ಇದು ಆದದ್ದೂ ಟೆಕ್ನಾಲಜಿಯಿಂದಾನೇ, ಕಾಗದದ ಕಾಲದಲ್ಲಾಗಿದ್ರೆ ಫಾರ್ಮಿಗೆ ಸೈನು ತರೋಕೇ ಎರಡು ದಿನ ಹೋಗಿರೋದು. ಒಂದು ವಾರದಲ್ಲಿ ಹರಿಯೋ ನೀರಿನಲ್ಲೇ ಸ್ಟಾಪ್ ಲಾಗ್, ಅಂದ್ರೆ ತಾತ್ಕಾಲಿಕ ಗೇಟು, ಇಳಿಸಿ ನೀರು ನಿಲ್ಲಿಸಿದ್ರು, ಆ ಕೆಲಸ ಮಾಡಿಸಿದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಆ ವಾರ ನಮ್ಮ ಕಡೆ ಮನೆಮಾತು. ಆಮೇಲೆ ಮಳೆ ಬಂತು, ಡ್ಯಾಮ್ ಮತ್ತೆ ತುಂಬ್ತು.

ಆಗಸ್ಟ್ ತಿಂಗಳಿಗೆ ನಮ್ಮ ಬ್ರಾಂಚು ಕಡು ಕೆಂಪು. ಕ್ಯಾನ್ಸಲೇಶನ್ ಯಾಕೆ ಜಾಸ್ತಿ ಅಂತ ವಿವರಣೆ ಬರೆದುಕೊಡಿ ಅಂದ್ರು, ಬರೆದುಕೊಟ್ಟೆ. ಕೊಯ್ಲು ಮುಗಿದ ಮೇಲೆ ಅವರೇ ರೈತರು ಅವೇ ಎಸ್‌ಟಿಪಿಗಳನ್ನ ಮತ್ತೆ ಶುರು ಮಾಡಿದ್ರು, ಸಿಸ್ಟಮ್ಮಲ್ಲಿ ಅವೆಲ್ಲ ಹೊಸ ರಿಜಿಸ್ಟ್ರೇಶನ್ ಅಂತ ಬಿದ್ವು, ಹಡಲ್‌ನಲ್ಲಿ ಬಳ್ಳಾರಿಗೆ ಚಪ್ಪಾಳೆ. ನಾವೂ ಕೈ ಮುಗಿದ್ವಿ.

ಈ ಯಾವ ಲೆಕ್ಕಕ್ಕೂ ಸಿಗದ ಒಬ್ಬರಿದ್ದಾರೆ, ನಮ್ಮ ಆಪರೇಷನ್ಸ್ ಮೇಡಂ. 2021ರ ಎರಡನೇ ಅಲೆ ಆದ ಮೇಲೆ ಟ್ರಾನ್ಸ್‌ಮಿಷನ್ ಕೆಲಸ, ಅಂದ್ರೆ ತೀರಿಕೊಂಡವರ ಫಂಡನ್ನ ವಾರಸುದಾರರಿಗೆ ಮಾಡಿಸಿಕೊಡೋದು, ಅವರ ಟೇಬಲ್ ಮೇಲೆ ರಾಶಿ ಬಿತ್ತು. ಆಧಾರಲ್ಲಿ ಬಸವರಾಜ, ಪ್ಯಾನಲ್ಲಿ ಬಸವರಾಜಪ್ಪ, ಡೆತ್ ಸರ್ಟಿಫಿಕೇಟಲ್ಲಿ ಮನೆತನದ ಹೆಸರೂ ಸೇರಿ ಮೂರನೇದೊಂದು. ಕುರುಗೋಡು ಕಡೆಯ ಒಬ್ಬ ಹೆಣ್ಮಗಳು ಬಂದಿದ್ರು, ಗಂಡ ಹೋಗಿದ್ರು, ನಾಮಿನಿ ನೋಡಿದ್ರೆ ಗಂಡನ ಅಣ್ಣ. ಮದುವೆಗೆ ಮುಂಚೆ ಹಾಕಿಸಿದ್ದು, ಬದಲಾಯಿಸಬೇಕು ಅಂತ ಯಾರಿಗೂ ಹೊಳೆದಿಲ್ಲ. ಕಾನೂನು ಪ್ರಕಾರ ನಾಮಿನಿ ಅಂದ್ರೆ ವಾರಸುದಾರರ ಪರವಾಗಿ ಇಟ್ಕೊಳ್ಳೋನು ಅಷ್ಟೇ, ಆದ್ರೆ ಫಂಡಿನವರು ದುಡ್ಡು ಕೊಡೋದು ನಾಮಿನಿ ಕೈಗೆ. ಮೇಡಂ ಆ ಭಾವನವರಿಗೆ ತಾವೇ ಫೋನ್ ಮಾಡಿ ಆಫೀಸಿಗೆ ಕರೆಸಿದ್ರು. ಕಾನೂನು ಹೇಳಲಿಲ್ಲ, ಹೆದರಿಸಲಿಲ್ಲ. ಟೀ ತರಿಸಿ, ಮಕ್ಕಳು ಎಷ್ಟನೇ ಕ್ಲಾಸು, ಈ ಸಲ ಫೀಜು ಯಾರು ಕಟ್ತೀರಿ ಅಂತ ಅವರನ್ನೇ ಕೇಳಿದ್ರು. ಆಯಪ್ಪ ಸ್ವಲ್ಪ ಹೊತ್ತು ತಲೆ ಬಗ್ಗಿಸಿ ಕೂತು, "ನನ್ನ ಅಕೌಂಟಿಗೆ ಬಂದ ದಿನಾನೇ ತಂಗೆಮ್ಮನ ಅಕೌಂಟಿಗೆ ಹಾಕ್ತೀನ್ರಿ, ನೀವೇ ಇದ್ದು ಹಾಕಿಸ್ರಿ" ಅಂದ್ರು. ಹಂಗೇ ಆಯ್ತು. ಇಡೀ ಮಧ್ಯಾಹ್ನ ಹೋಯ್ತು. ಸಿಸ್ಟಮ್ಮಲ್ಲಿ ಅದು ಔಟ್‌ಫ್ಲೋ, ಅಂದ್ರೆ ಬ್ರಾಂಚಿನಿಂದ ದುಡ್ಡು ಆಚೆ ಹೋದ ಲೆಕ್ಕ, ಮೈನಸ್ಸು.

ಇಂಥಾ ಮಾತುಕತೆ ಎಲ್ಲಾ ರೆಕಾರ್ಡ್ ಆಗಬೇಕು ಅನ್ನೋರಿದ್ದಾರೆ. 2022ರ ಸೆಪ್ಟೆಂಬರಲ್ಲಿ ಅಮೆರಿಕದ ಷೇರು ಮಾರ್ಕೆಟ್ ನಿಯಂತ್ರಕ ಎಸ್‌ಇಸಿ ಅಲ್ಲಿನ ದೊಡ್ಡ ದೊಡ್ಡ ಹಣಕಾಸು ಕಂಪನಿಗಳಿಗೆ ಒಟ್ಟು 110 ಕೋಟಿ ಡಾಲರ್ ಮೇಲೆ ದಂಡ ಹಾಕ್ತು, ತಪ್ಪೇನು ಅಂದ್ರೆ ಕೆಲಸದ ಮಾತನ್ನ ವಾಟ್ಸಾಪಿನಂಥ ಖಾಸಗಿ ಆ್ಯಪಲ್ಲಿ ಆಡಿ ದಾಖಲೆ ಇಟ್ಟಿಲ್ಲ ಅಂತ. ಅದೇ ಕಾನೂನು ಇಲ್ಲಿಗೆ ಬಂದ್ರೆ ಬಳ್ಳಾರಿ ಬ್ರಾಂಚಿನ ಬಾಗಿಲು ಹಾಕಬೇಕಾಗುತ್ತೆ. ನಮ್ಮ ಆಫೀಸು ನಡೀತಿರೋದೇ ವಾಟ್ಸಾಪ್ ವಾಯ್ಸ್ ಮೆಸೇಜ್ ಮೇಲೆ, ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಟ್ರ್ಯಾಕ್ಟರ್ ಸದ್ದು. ಆದ್ರೂ ದಾಖಲೆ ಬೇಕು ಅನ್ನೋ ವಾದದಲ್ಲಿ ಹುರುಳಿದೆ, ಡ್ರಾಯರ್ ನೋಡಿದವನು ನಾನು. ಬೇಡ ಅನ್ನಲ್ಲ.

ರಿಸ್ಕ್ ಪ್ರೊಫೈಲ್ ಫಾರ್ಮೂ ದಾಖಲೆನೇ. ಇಂಗ್ಲಿಷಲ್ಲಿ ಪ್ರಶ್ನೆ, ನಿಮ್ಮ ಹೂಡಿಕೆ 20 ಪರ್ಸೆಂಟ್ ಬಿದ್ರೆ ಏನು ಮಾಡ್ತೀರಿ ಅಂತ. ಹುಡುಗರು ತಾವೇ ಟಿಕ್ ಮಾಡ್ತಾರೆ, ನಮ್ಮ ಬ್ರಾಂಚಲ್ಲಿ ಎಪ್ಪತ್ತು ದಾಟಿದ ಅಜ್ಜನಿಂದ ಹಿಡಿದು ಕಾಲೇಜು ಹುಡುಗನವರೆಗೆ ಎಲ್ಲರೂ ಒಂದೇ ಸ್ವಭಾವದವರು. ಕನ್ನಡದಲ್ಲಿ ಕೊಡಿ, ಕೊನೇಪಕ್ಷ ಕೇಳಿ ತುಂಬಿಸ್ತೀವಿ ಅಂತ ಎಷ್ಟು ಸಲ ಬರೆದ್ವೋ. "ರೋಡ್‌ಮ್ಯಾಪಲ್ಲಿದೆ" ಅಂತ ಉತ್ತರ ಬರುತ್ತೆ.

ಅದರ ಜೊತೆಗೇ ಇನ್ನೊಂದು ಬೇಡಿಕೆ ಇಟ್ಟಿದ್ವಿ, ಮಾರಾಟ ಅಲ್ಲದ ಕೆಲಸಕ್ಕೂ ಒಂದು ಕಾಲಮ್ ಕೊಡಿ ಅಂತ. ಟ್ರಾನ್ಸ್‌ಮಿಷನ್ನು, ಕೆವೈಸಿ ಸರಿಮಾಡೋದು, ಹೆದರಿದವರ ಜೊತೆ ಮಾತಾಡೋದು, ಇವೆಲ್ಲ ಕಾಣಲಿ ಅಂತ. ಆಶ್ಚರ್ಯ ಅಂದ್ರೆ ಇದಕ್ಕೆ ಒಪ್ಪಿದ್ರು. ಆ್ಯಪಿನ ಹೊಸ ಅಪ್‌ಡೇಟಲ್ಲಿ "ಕ್ಲೈಂಟ್ ಕೇರ್" ಅಂತ ಕಾಲಮ್ ಬಂತು, ನಾನು ಎಲ್ಲರಿಗೂ ಮಿರ್ಚಿ ಕೊಡಿಸಿದೆ. ಮುಂದಿನ ತಿಂಗಳು ಅದಕ್ಕೂ ಟಾರ್ಗೆಟ್ ಬಂತು, ಒಬ್ಬೊಬ್ಬರಿಗೆ ದಿನಕ್ಕೆ ಐದು ಕೇರ್. ಈಗ ಬೆಂಗಳೂರು ರೋಡಿನ ಟೀ ಅಂಗಡೀಲಿ ವಿಸಿಟ್ ಜೊತೆ ಕೇರೂ ಮುಗೀತಿದೆ. ಮೊನ್ನೆ ಹಡಲ್‌ನಲ್ಲಿ ಆಪರೇಷನ್ಸ್ ಮೇಡಂ ಹೆಸರು ಕೆಂಪಲ್ಲಿ ತೋರಿಸಿ ಕೇಳಿದ್ರು, ನಿಮ್ಮದು ಯಾಕೆ ಒಂದೇ ಅಂತ. ಮೇಡಂ ಮೈಕ್ ಆನ್ ಮಾಡಿ ಹೇಳಿದ್ರು, "ಆ ಒಂದು ಕೇಸು ಇನ್ನೂ ಮುಗಿದಿಲ್ಲ ಸರ್, ಅದು ಮುಗೀಲಿ, ಎರಡನೇದು ಹಾಕ್ತೀನಿ."